ದೂರಶಿಕ್ಷಣ ಬೇಡ ಅಂತಿಲ್ಲ, ದೂರ ಇಡೋ ಶಿಕ್ಷಣ ಬೇಡ ಅಂತಿದೀವಿ



ಉದ್ದದ ಪೋಸ್ಟು. ಮೊದಲ ನಾಲ್ಕು ಸಾಲು ಓದಿ ಲೈಕ್ ಒತ್ತಿ ಹೋಗೋರು ದಯವಿಟ್ಟು ಲೈಕ್ ಒತ್ತಬೇಡಿ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಕಳೆದ ವಾರ ನಮ್ಮ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಪಂಚಾಯ್ತಿ ಕಸದ ಗಾಡಿ ಓಡಿಸೋ ಅಕ್ಕ ಒಬ್ಬರ ಮನೆಗೆ. ಹೆಸರು ಹಾಕಲ್ಲ, ಊರೂ ಹಾಕಲ್ಲ. ಹಾಕಿದ್ರೆ ನಾಳೆ ಅವರ ಕೆಲಸ ಹೋಗುತ್ತೆ. ರಾತ್ರಿ ಒಂಬತ್ತೂವರೆ ಆಗಿತ್ತು. ಮುದ್ದೆ ಕಟ್ಟಿ, ಎಲ್ಲರಿಗೂ ಇಕ್ಕಿ, ಪಾತ್ರೆ ತೊಳೆದು, ಮಗನ ಕೈಯಿಂದ ಮೊಬೈಲ್ ಇಸ್ಕೊಂಡು ಗೋಡೆಗೆ ಒರಗಿ ಕೂತ್ರು.

"ಏನಕ್ಕಾ, ಸೀರಿಯಲ್ಲಾ?" ಅಂದೆ.

"ಅಯ್ಯೋ, ಸೀರಿಯಲ್ ನೋಡೋ ಪುಣ್ಯ ಎಲ್ಲೈತಣ್ಣ. ಟ್ರೈನಿಂಗು. ಇವತ್ತು ಒಂಬತ್ತನೇ ಪಾಠ ಮುಗಿಸ್ಲಿಲ್ಲ ಅಂದ್ರೆ ಮೇಡಂ ಗ್ರೂಪಲ್ಲಿ ಹೆಸರು ಹಾಕ್ತಾರೆ."

ಪಕ್ಕದಲ್ಲಿ ಕೂತು ನಾನೂ ನೋಡಿದೆ. ಸಮುದಾಯ ಕಾರ್ಯಕರ್ತರಿಗೆ ಸಾಮಾಜಿಕ ಉದ್ಯಮದ ಬಗ್ಗೆ ಆನ್‌ಲೈನ್ ಕೋರ್ಸು. ಹನ್ನೆರಡು ಪಾಠ, ಪ್ರತಿ ಪಾಠಕ್ಕೂ ಒಂದು ವಿಡಿಯೋ, ಕೊನೆಗೆ ಐದು ಪ್ರಶ್ನೆ. ಮಾತು ಇಂಗ್ಲಿಷು, ಕೆಳಗೆ ಮೆಷಿನ್ ಮಾಡಿದ ಕನ್ನಡ ಅಕ್ಷರ. ವಿಡಿಯೋದಲ್ಲಿ "ಸ್ಟೇಕ್‌ಹೋಲ್ಡರ್" ಅಂದಾಗೆಲ್ಲ ಕೆಳಗೆ "ಮಧ್ಯಸ್ಥಗಾರ" ಅಂತ ಬರ್ತಿತ್ತು. ಅಕ್ಕ ಕೇಳಿದ್ರು, "ಮಧ್ಯಸ್ಥಗಾರ ಅಂದ್ರೆ ದಲ್ಲಾಳಿ ಅಲ್ವೇನಣ್ಣ?" ನಾನು ನಕ್ಕುಬಿಟ್ಟೆ. ಆಮೇಲೆ ಯೋಚನೆ ಮಾಡಿದ್ರೆ ಆ ಅನುವಾದ ಅಷ್ಟೇನೂ ತಪ್ಪಿಲ್ಲ ಅನ್ನಿಸ್ತು.

ಪ್ರಶ್ನೆ ಬಂತು. ಸಾಮಾಜಿಕ ಉದ್ಯಮದ ಮೊದಲ ಫಲಾನುಭವಿ ಯಾರು? ಅಕ್ಕ "ಸಮುದಾಯ" ಅನ್ನೋದನ್ನ ಒತ್ತಿದ್ರು. ಹಸಿರು ಟಿಕ್ ಬಿತ್ತು. ಮೊಬೈಲ್ ಕೆಳಗಿಟ್ಟು ನನ್ನ ಮುಖ ನೋಡಿ, "ಫಲಾನುಭವಿ ನಾನಂತೆ. ಫಲ ಯಾವಾಗ ಬರುತ್ತಣ್ಣ?" ಅಂದ್ರು.

ನಾನು ಒಂದು ಪ್ರಶ್ನೆ ಕೇಳಿದೆ. "ಅಕ್ಕಾ, ನೀವು ಮನೆಮನೆಯಿಂದ ತರೋ ಒಣಕಸ ಇದೆಯಲ್ಲ, ಪ್ಲಾಸ್ಟಿಕ್ಕು, ರಟ್ಟು, ಬಾಟ್ಲಿ, ಅದು ಕೆ.ಜಿ.ಗೆ ಎಷ್ಟಕ್ಕೆ ಮಾರಾಟ ಆಗುತ್ತೆ?"

"ಅದು ನಂಗೊತ್ತಿಲ್ಲಪ್ಪ. ಆಫೀಸಿನೋರಿಗೆ ಗೊತ್ತು."

ಸಂಗಾತಿಗಳೇ, ಈ ಪೋಸ್ಟಿನ ವಿಷಯ ಇಷ್ಟೇ. ಹನ್ನೆರಡು ಪಾಠದಲ್ಲಿ ಒಂಬತ್ತು ಮುಗಿಸಿದ ಹೆಂಗಸಿಗೆ ತಾನು ಎತ್ತೋ ಕಸದ ರೇಟು ಗೊತ್ತಿಲ್ಲ. ಉಳಿದ ಮೂರು ಪಾಠದ ಪಟ್ಟಿ ನಾನೇ ನೋಡಿದೆ, ಅದರಲ್ಲೂ ಇಲ್ಲ. ಮನೆಯವರ ಹತ್ರ ನಗುನಗುತ್ತಾ ಮಾತಾಡೋದು ಹೇಗೆ ಅಂತ ಇದೆ. ಆಪ್‌ನಲ್ಲಿ ದಿನಾ ಎಂಟ್ರಿ ಹಾಕೋದು ಹೇಗೆ ಅಂತ ಇದೆ. ಮುಂಚೆ ಹೇಗಿತ್ತು, ಈಗ ಹೇಗಿದೆ ಅಂತ ಫೋಟೋ ತೆಗೆಯೋದು ಹೇಗೆ ಅಂತಾನೂ ಇದೆ. ಲೆಕ್ಕದ ಪುಸ್ತಕ ಮಾತ್ರ ಇಲ್ಲ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ

"ಇವನಿಗೆ ಏನು ಕೊಟ್ರೂ ತಕರಾರು, ಆನ್‌ಲೈನ್ ಶಿಕ್ಷಣಾನೇ ಬೇಡ ಅಂತಾನೆ" ಅಂತ ಕೆಲವರು ಶುರು ಮಾಡ್ತಾರೆ. ನಾನು ದೂರಶಿಕ್ಷಣದ ವಿರೋಧಿ ಅಲ್ಲ. ನಾನೇ ಅದರಲ್ಲಿ ಓದಿದವನು. ಹಗಲು ಕೂಲಿ, ರಾತ್ರಿ ಅಂಚೆಯಲ್ಲಿ ಬಂದ ಪಾಠದ ಪುಸ್ತಕ. ಕಾಲೇಜಿನ ಮೆಟ್ಟಿಲು ಹತ್ತೋಕಾಗದ ಎಷ್ಟೋ ನಮ್ಮ ಹುಡುಗ ಹುಡುಗಿಯರಿಗೆ ಡಿಗ್ರಿ ಬಂದಿದ್ದು ಹಾಗೇನೇ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಅಂಚೆ ಶಿಕ್ಷಣ ಶುರುವಾಯ್ತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯ್ತು. ಆ ದಾರಿ ಇಲ್ಲದೇ ಇದ್ದಿದ್ರೆ ನಮ್ಮ ಕೇರಿಗಳಲ್ಲಿ ಇವತ್ತಿರೋ ಎಷ್ಟೋ ಮೇಷ್ಟ್ರು, ಗುಮಾಸ್ತರು, ಕಾರ್ಯಕರ್ತರು ಇರ್ತಿರಲಿಲ್ಲ.

ಅಷ್ಟೇ ಅಲ್ಲ. ದುಡಿಯೋರ ಹೊತ್ತಿಗೆ ಹೊಂದೋ ಶಿಕ್ಷಣ ಅನ್ನೋ ಯೋಚನೇನೇ ನಮ್ಮದು. ಜೋತಿಬಾ, ಸಾವಿತ್ರಿಬಾಯಿ ಫುಲೆ 1855ರಲ್ಲೇ ಪುಣೆಯಲ್ಲಿ ರೈತರಿಗೆ, ಕೂಲಿಗಳಿಗೆ ರಾತ್ರಿ ಶಾಲೆ ನಡೆಸಿದ್ರು. ಬಾಬಾಸಾಹೇಬರ ಪೀಪಲ್ಸ್ ಎಜುಕೇಷನ್ ಸೊಸೈಟಿ 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆಗೆದಾಗ ತರಗತಿ ಇಟ್ಟಿದ್ದು ಬೆಳಗ್ಗೆ. ಕೆಲಸಕ್ಕೆ ಹೋಗೋರೂ ಓದಲಿ ಅಂತ. ನೌಕರಿ ಬಿಟ್ಟು ಬಾ, ಆಮೇಲೆ ಓದು ಅನ್ನಲಿಲ್ಲ. ಕಾಲೇಜೇ ಕೂಲಿಯವನ ಗಡಿಯಾರಕ್ಕೆ ಹೊಂದಿಕೊಂಡಿತ್ತು.

ನಮ್ಮ ರಾಜ್ಯದಲ್ಲೂ ಅಷ್ಟೇ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಕಾಲದಲ್ಲಿ 'ಪಂಚಮ' ಪತ್ರಿಕೆ ಇತ್ತು, ಅಧ್ಯಯನ ಶಿಬಿರಗಳಿದ್ವು. ಊರಿನಲ್ಲಿ ಓದು ಬಂದವನು ಗಟ್ಟಿಯಾಗಿ ಓದೋದು, ಉಳಿದವರು ಸುತ್ತ ಕೂತು ಕೇಳೋದು, ಕೊನೆಗೆ ಜಗಳ ಆಡೋದು. ಅದಕ್ಕೆ ಯಾರೂ ಕೋರ್ಸು ಅನ್ನಲಿಲ್ಲ, ಸರ್ಟಿಫಿಕೇಟೂ ಕೊಡಲಿಲ್ಲ. ಆದರೆ ಅಲ್ಲಿ ಕಲಿತವರು ಜಮೀನಿನ ದಾಖಲೆ ಕೇಳಿದ್ರು, ಕೂಲಿ ಕೇಳಿದ್ರು, ಬಾವಿ ನೀರು ಕೇಳಿದ್ರು. ಕಲಿತಿದ್ದಕ್ಕೆ ಗುರುತು ಅದೇ ಆಗಿತ್ತು, ಕಲಿತವರು ಪ್ರಶ್ನೆ ಕೇಳ್ತಿದ್ರು.

ಹಾಗಾಗಿ ನನ್ನ ತಕರಾರು ಮೊಬೈಲಿನ ಮೇಲೆ ಅಲ್ಲ. ಕಲಿತ ಮೇಲೆ ಪ್ರಶ್ನೆ ಹುಟ್ಟದಂಗೆ ಹೆಣೆದ ಪಾಠದ ಮೇಲೆ.

ಒಂದೇ ಕೆಲಸ, ಎರಡು ಏಣಿ

ಈ ಸಾಮಾಜಿಕ ಉದ್ಯಮ ಅನ್ನೋ ಲೋಕಾನ ಸ್ವಲ್ಪ ಹತ್ತಿರದಿಂದ ನೋಡಿ. ಅಲ್ಲಿ ಎರಡು ಥರದ ಜನ ಕಲೀತಾರೆ.

ಒಬ್ಬರು ಬೆಂಗಳೂರಿನಲ್ಲಿ ಎಂಜಿನಿಯರಿಂಗೋ ಎಂಬಿಎನೋ ಮುಗಿಸಿ "ಗ್ರಾಸ್‌ರೂಟ್ಸ್" ನೋಡೋಕೆ ಬರೋರು. ಅವರದ್ದು ಫೆಲೋಶಿಪ್. ಒಂದೆರಡು ವರ್ಷ, ತಿಂಗಳಿಗೆ ದುಡ್ಡು, ಉಳ್ಕೊಳ್ಳೋಕೆ ರೂಮು, ಹೇಳ್ಕೊಡೋಕೆ ಮೆಂಟರು. ಕಲಿಯೋದು ಬಂಡವಾಳ ತರೋದು, ಬೋರ್ಡ್ ನಡೆಸೋದು, ಬ್ಯಾಲೆನ್ಸ್ ಶೀಟ್ ಓದೋದು, ಕಂಪನಿ ಕಾನೂನು. ಮುಗಿದ ಮೇಲೆ ಅವರು "ಲೀಡರ್".

ಇನ್ನೊಬ್ಬರು ನಮ್ಮ ಎಂಬಿಕೆ, ಎಲ್‌ಸಿಆರ್‌ಪಿ, ಕೃಷಿ ಸಖಿ, ಪಶು ಸಖಿ, ಆಶಾ, ಸ್ವಚ್ಛ ವಾಹಿನಿ ಡ್ರೈವರ್. ಇವರದ್ದು "ಕೆಪಾಸಿಟಿ ಬಿಲ್ಡಿಂಗ್". ಅದು ಕೆಲಸ ಮುಗಿದ ಮೇಲೆ, ಸ್ವಂತ ರೀಚಾರ್ಜಿನಲ್ಲಿ, ಸ್ವಂತ ನಿದ್ದೆಗೆಟ್ಟು. ಕಲಿಯೋದು ಸರ್ವೆ ಫಾರಂ ತುಂಬೋದು, ಮೀಟಿಂಗ್ ಕರೆಯೋದು, ಜನರನ್ನ "ಪ್ರೇರೇಪಿಸೋದು". ಮುಗಿದ ಮೇಲೂ ಇವರು "ಸಂಪನ್ಮೂಲ ವ್ಯಕ್ತಿ". ಗಣಿ, ಕಾಡು, ನೀರು ಕೂಡ ಸಂಪನ್ಮೂಲಾನೇ ಅಲ್ವಾ? ಬಳಸಿಕೊಳ್ಳೋರು ಬೇರೆ ಇರ್ತಾರೆ.

ಈ ಎರಡು ಏಣಿ ಎಲ್ಲೂ ಸೇರಲ್ಲ. ಹದಿನೈದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಿದ ಅಕ್ಕನಿಗೆ ಮೊನ್ನೆ ಬಂದ ಇಪ್ಪತ್ಮೂರರ ಹುಡುಗ "ಸೂಪರ್‌ವೈಸರ್" ಆಗ್ತಾನೆ. ಅವನು ಕೆಟ್ಟವನಲ್ಲ. ಅಕ್ಕನ ಕೈಯಲ್ಲೇ ಊಟ ಮಾಡ್ತಾನೆ, ಅಕ್ಕನಿಂದಲೇ ಕೆಲಸ ಕಲೀತಾನೆ, ಅಕ್ಕ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ವರದಿ ಬರೀತಾನೆ. ಆ ವರದಿ ಅವನನ್ನ ವಿದೇಶದ ಯೂನಿವರ್ಸಿಟಿಗೆ ಕರ್ಕೊಂಡು ಹೋಗುತ್ತೆ. ಅಕ್ಕನಿಗೆ ಬರೋದು ವಾಟ್ಸಾಪಿನಲ್ಲಿ ಒಂದು ಇ-ಸರ್ಟಿಫಿಕೇಟು. ಪ್ರಿಂಟ್ ಹಾಕಿಸೋಕೂ ಅಕ್ಕನೇ ಸೈಬರ್ ಸೆಂಟರಿಗೆ ದುಡ್ಡು ಕೊಡಬೇಕು.

ಆ ಸರ್ಟಿಫಿಕೇಟ್ ಯಾವ ಲೆಕ್ಕಕ್ಕೆ ಬರುತ್ತೆ? ಮುಕ್ತ ಮತ್ತು ದೂರಶಿಕ್ಷಣಕ್ಕೆ ಯುಜಿಸಿಯ 2020ರ ನಿಯಮಾವಳಿ ಇದೆ. ಮಾನ್ಯತೆ ಇರೋ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ 2022ರಲ್ಲಿ ಯುಜಿಸಿಯೇ ಹೇಳಿದೆ. ಕಲಿತ ಕ್ರೆಡಿಟ್ ಕೂಡಿಡೋಕೆ 2021ರಿಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇದೆ. ಅಂದ್ರೆ ವ್ಯವಸ್ಥೆ ಇದೆ. ಆದರೆ ಎನ್‌ಜಿಒ ತನ್ನಷ್ಟಕ್ಕೆ ತಾನು ಕೊಡೋ ಕಾಗದ ಅಲ್ಲಿಗೆ ಹೋಗಲ್ಲ. ಇವತ್ತು ಈ ಸಂಸ್ಥೆಯ ಕೋರ್ಸು, ನಾಳೆ ಆ ಸಂಸ್ಥೆಯ ಕೋರ್ಸು, ಕಾಗದ ಏಳೆಂಟು. ಎಲ್ಲ ಕೂಡಿಸಿದ್ರೂ ಒಂದು ಪಿಯುಸಿ ಆಗಲ್ಲ.

ಮಾನ್ಯತೆ ಅಂದ್ರೆ ಏನು ಅಂತ ನಮ್ಮವರಿಗೆ ಚೆನ್ನಾಗಿ ಗೊತ್ತು. ನಮ್ಮ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರ ಸಾಲಿನಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಸೇರಿದ ವಿದ್ಯಾರ್ಥಿಗಳು ಕೈಯಲ್ಲಿ ಅಂಕಪಟ್ಟಿ ಹಿಡ್ಕೊಂಡು ಅಲೆದಾಡಿದ್ದು ನೋಡಿದೀವಿ. ದುಡ್ಡಿದ್ದೋರು ಬೇರೆ ಕಡೆ ಸೇರ್ಕೊಂಡ್ರು. ದೂರಶಿಕ್ಷಣ ಬಿಟ್ರೆ ಬೇರೆ ದಾರಿ ಇಲ್ಲದೋರು ಉಳ್ಕೊಂಡ್ರು. ಕಾಗದದ ಬೆಲೆ ಬಿದ್ದಾಗ ಬೀಳೋದು ಯಾರು ಅನ್ನೋದನ್ನ ಮರೀಬೇಡಿ.

"ಎಲ್ಲರ ಹತ್ರಾನೂ ಮೊಬೈಲ್ ಇದೆಯಲ್ಲ"

ಇದು ಸೆಮಿನಾರ್ ಹಾಲಿನ ಮಾತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ, ಅಂದ್ರೆ 2017-18ರಲ್ಲಿ, ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದಿದ್ದು ಶೇ. 4.4, ಇಂಟರ್‌ನೆಟ್ ಸೌಲಭ್ಯ ಇದ್ದಿದ್ದು ಶೇ. 15ರಷ್ಟು. ಆಮೇಲೆ ಸ್ಮಾರ್ಟ್‌ಫೋನ್ ಜಾಸ್ತಿಯಾಗಿದೆ, ಒಪ್ಪೋಣ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ತಾವೇ ಬಳಸೋ ಮೊಬೈಲ್ ಇರೋ ಹೆಂಗಸರು ಶೇ. 54. ಅದರಲ್ಲಿ ಬರೀ ಮಾತಾಡೋ ಬಟನ್ ಫೋನೂ ಸೇರಿದೆ. "ಮನೆಯಲ್ಲಿ ಮೊಬೈಲ್ ಇದೆ" ಅನ್ನೋದಕ್ಕೂ "ಅಕ್ಕನ ಕೈಯಲ್ಲಿ ಮೊಬೈಲ್ ಇದೆ" ಅನ್ನೋದಕ್ಕೂ ನಡುವೆ ಗಂಡ, ಮಗ, ಮೈದುನ ಎಲ್ಲ ನಿಂತಿದಾರೆ.

ಹೊತ್ತಿನ ಮಾತು ಇನ್ನೂ ದೊಡ್ಡದು. ಆನ್‌ಲೈನ್ ಕೋರ್ಸಿನವರು "ನಿಮಗೆ ಅನುಕೂಲವಾದ ಸಮಯದಲ್ಲಿ ಕಲಿಯಿರಿ" ಅಂತ ಬರೆದಿರ್ತಾರೆ. ಬೆಳಗ್ಗೆ ಆರಕ್ಕೆ ಗಾಡಿ ಹತ್ತೋ, ಮಧ್ಯಾಹ್ನ ಹೊಲಕ್ಕೋ ಕೂಲಿಗೋ ಹೋಗೋ, ಸಂಜೆ ಒಲೆ ಹಚ್ಚೋ ಹೆಂಗಸಿಗೆ ಅನುಕೂಲವಾದ ಸಮಯ ಅಂತ ಒಂದಿದೆಯಾ? ಆ ಸಮಯ ನಿದ್ದೆಯಿಂದ ಕಿತ್ಕೋಬೇಕು. ನೌಕರರಿಗೆ ಟ್ರೈನಿಂಗ್ ಇದ್ರೆ ಅದು ಡ್ಯೂಟಿ, ಅದಕ್ಕೆ ಟಿಎ ಡಿಎ. ಸಮುದಾಯ ಕಾರ್ಯಕರ್ತೆಗೆ ಟ್ರೈನಿಂಗ್ ಇದ್ರೆ ಅದು "ಅವಕಾಶ".

ಕೇಳಿದ್ರೆ ಒಂದೇ ಉತ್ತರ, ನಿಮ್ಮದು ಸಂಬಳ ಅಲ್ಲ, ಗೌರವಧನ. ಗೌರವಧನ ಅನ್ನೋ ಪದದಷ್ಟು ಅಗೌರವದ ಪದ ನಾನು ಕೇಳಿಲ್ಲ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು 1972ರ ಗ್ರಾಚ್ಯುಯಿಟಿ ಕಾಯ್ದೆಗೆ ಬರ್ತಾರೆ, ಅವರಿಗೆ ಕೊಡೋ ಗೌರವಧನ ಆ ಕಾಯ್ದೆಯ ಅರ್ಥದಲ್ಲಿ ವೇತನಾನೇ ಅಂತ ಹೇಳ್ತು. ಹೆಸರು ಏನೇ ಇಟ್ರೂ ದುಡಿಮೆ ದುಡಿಮೆನೇ ಅಂತ ಕೋರ್ಟಿಗೆ ಅರ್ಥ ಆಗಿದೆ. "ಸಮಾಜ ಬದಲಾವಣೆ" ಮಾಡೋಕೆ ಹೊರಟ ಉದ್ಯಮಗಳಿಗೆ ಯಾಕೆ ಅರ್ಥ ಆಗಲ್ಲ?

ತರಬೇತಿ ಕೊಟ್ರೆ ಜಾತಿ ಹೋಗುತ್ತಾ?

ಈ ಕೋರ್ಸುಗಳ ಹಿಂದೆ ಒಂದು ನಂಬಿಕೆ ಇದೆ. ಬಡವರು ಬಡವರಾಗಿರೋದು ಅವರಿಗೆ ಕೌಶಲ ಇಲ್ಲ ಅಂತ, ಕೌಶಲ ಕೊಟ್ರೆ ಮಾರುಕಟ್ಟೆ ಅವರನ್ನ ಕೈಹಿಡಿಯುತ್ತೆ ಅಂತ.

ಅಮೆರಿಕದ ಕೊಲಂಬಿಯಾದಲ್ಲಿ ಎಂಎ ಮಾಡಿ, ಲಂಡನ್ನಿನಲ್ಲೂ ಓದಿ ಬಂದ ಬಾಬಾಸಾಹೇಬರಿಗೆ ಕೌಶಲ ಕಡಿಮೆ ಇತ್ತಾ? ವಾಪಸ್ ಬಂದ ಮೇಲೆ ಮುಂಬೈಯಲ್ಲಿ ಹೂಡಿಕೆ ಬಗ್ಗೆ ಸಲಹೆ ಕೊಡೋ ವ್ಯವಹಾರ ಶುರು ಮಾಡಿದ್ರು. ಗಿರಾಕಿಗಳಿಗೆ ಜಾತಿ ಗೊತ್ತಾಯ್ತು, ಬರೋದು ನಿಂತ್ರು, ವ್ಯವಹಾರ ಮುಚ್ತು. ಮುಂದೆ 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞನಿಗೇ ಮಾರುಕಟ್ಟೆ ಹೀಗೆ ಮಾಡಿದ್ರೆ, ಹನ್ನೆರಡು ವಿಡಿಯೋ ನೋಡಿದ ನಮ್ಮಕ್ಕನನ್ನ ಅದು ಕೈಹಿಡಿಯುತ್ತೆ ಅಂತ ಯಾವ ಬಾಯಲ್ಲಿ ಹೇಳ್ತೀರಿ?

ಹಳ್ಳಿಗೆ ಬನ್ನಿ. ಸಂಘದ ಹೆಂಗಸರಿಗೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಮಾಡೋ ಟ್ರೈನಿಂಗ್ ಕೊಡ್ತಾರೆ. ಮಾರ್ಕೆಟಿಂಗ್ ಪಾಠದಲ್ಲಿ ಲೇಬಲ್ಲು, ಪ್ಯಾಕಿಂಗು, ಕ್ಯೂಆರ್ ಕೋಡು ಎಲ್ಲ ಇರುತ್ತೆ. ಕೇರಿಯಲ್ಲಿ ಮಾಡಿದ ಉಪ್ಪಿನಕಾಯಿಯನ್ನ ಅದೇ ಊರಿನ ಮೇಲಿನ ಬೀದಿಯವರು ಕೊಳ್ತಾರಾ ಅನ್ನೋ ಪ್ರಶ್ನೆ ಯಾವ ಪಾಠದಲ್ಲಿದೆ? ಬಿಸಿಯೂಟದ ಅಡುಗೆ ದಲಿತ ಹೆಂಗಸು ಮಾಡಿದ್ಲು ಅಂತ ಮಕ್ಕಳಿಗೆ ಊಟ ಬಿಡಿಸಿದ ಸುದ್ದಿಗಳನ್ನ ಮತ್ತೆ ಮತ್ತೆ ಓದಿದೀವಿ. ಆ ಅಡುಗೆಯವರಿಗೆ ಅಡುಗೆ ಬರ್ತಿರಲಿಲ್ಲವಾ?

ಇನ್ನೊಂದು ಕಡೆ ನೋಡಿ. ಒಕ್ಕೂಟದಲ್ಲಿ ಎಲ್ಲ ಜಾತಿ ಹೆಂಗಸರೂ ಇರ್ತಾರೆ. ಹೊಲಿಗೆ, ಬೇಕರಿ, ಕ್ಯಾಂಟೀನು, ಲೆಕ್ಕ ಬರೆಯೋದು ಇಂಥ ಕೆಲಸ ಬಂದಾಗ ಎಲ್ಲರೂ ಕೈ ಎತ್ತುತಾರೆ. ಕಸದ ಗಾಡಿ, ಕಸ ವಿಂಗಡಿಸೋ ಘಟಕ ಬಂದಾಗ ಎಲ್ಲರ ಕಣ್ಣೂ ಒಂದೇ ಕಡೆ ತಿರುಗುತ್ತೆ. ನೀವೇ ನಿಮ್ಮ ತಾಲೂಕಿನ ಘಟಕಗಳಿಗೆ ಹೋಗಿ, ಕಸದ ರಾಶಿ ಮುಂದೆ ಕೂತೋರ ಜಾತಿ ಕೇಳಿ, ಆಮೇಲೆ ಆಫೀಸಿನ ಕುರ್ಚಿಯಲ್ಲಿ ಕೂತೋರ ಜಾತಿ ಕೇಳಿ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿ ಐವತ್ತು ವರ್ಷ ಆಯ್ತು. ತಲೆ ಮೇಲಿದ್ದ ಬುಟ್ಟಿ ಗಾಡಿ ಆಗಿದೆ, ಗಾಡಿಗೆ ಹಸಿರು ಬಣ್ಣ ಬಂದಿದೆ, ಓಡಿಸೋರಿಗೆ "ಹಸಿರು ಉದ್ಯಮಿ" ಅನ್ನೋ ಹೆಸರು ಬಂದಿದೆ. ಓಡಿಸೋರ ಜಾತಿ ಬದಲಾಗಿಲ್ಲ.

ಕೋರ್ಸಿನ ನಾಲ್ಕನೇ ಪಾಠ "ಸುರಕ್ಷತೆ". ಕೈಗವಸು ಹಾಕಿ, ಮಾಸ್ಕ್ ಹಾಕಿ, ಬೂಟು ಹಾಕಿ. ಅಕ್ಕ ಪ್ರಶ್ನೆಗೆಲ್ಲ ಸರಿಯುತ್ತರ ಕೊಟ್ಟಿದಾರೆ. ಗವಸು ಕೊಟ್ಟು ಎಷ್ಟು ದಿನ ಆಯ್ತು ಅಂದೆ, ಕೈ ತಿರುಗಿಸಿ ಗಾಯ ತೋರಿಸಿದ್ರು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮದಲ್ಲೇ ಕಸ ನಿರ್ವಹಿಸೋ ಕಾರ್ಮಿಕರಿಗೆ ಸಮವಸ್ತ್ರ, ಗವಸು, ಮಾಸ್ಕು, ಮಳೆಕೋಟು, ತಕ್ಕ ಪಾದರಕ್ಷೆ ಸಿಗೋಹಂಗೆ ನೋಡ್ಕೊಳ್ಳೋದು ಸ್ಥಳೀಯ ಸಂಸ್ಥೆಯ ಹೊಣೆ ಅಂತ ಬರೆದಿತ್ತು. ಪಾಠದಲ್ಲಿ ಅದು ಇಲ್ಲ. ಗವಸು ಹಾಕ್ಕೊಳ್ಳೋದು ಅಕ್ಕನ ಜವಾಬ್ದಾರಿ ಅಂತ ಇದೆ. ಕೊಡೋದು ಯಾರ ಜವಾಬ್ದಾರಿ ಅಂತ ಇಲ್ಲ. ನೋಡಿ ಪಾಠ ಹೇಗೆ ಕೆಲಸ ಮಾಡುತ್ತೆ ಅಂತ. ಹಕ್ಕಾಗಿ ಇದ್ದಿದ್ದನ್ನ ಶಿಸ್ತಾಗಿ ಕಲಿಸಿಬಿಟ್ರು.

ದುಡ್ಡು ಎಲ್ಲಿಂದ, ಯಜಮಾನಿಕೆ ಯಾರದ್ದು

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಆನ್‌ಲೈನ್ ಕೋರ್ಸು ಅದಕ್ಕೆ ಬಲು ಸಲೀಸು. ಒಂದು ಸಲ ವಿಡಿಯೋ ಮಾಡಿದ್ರೆ ಹತ್ತು ಸಾವಿರ ಜನಕ್ಕೆ ತೋರಿಸಬಹುದು, "ಹತ್ತು ಸಾವಿರ ಮಹಿಳೆಯರ ಸಬಲೀಕರಣ" ಅಂತ ವರದಿ ಹಾಕಬಹುದು. ಅಕ್ಕನ ಮಗಳು ಒತ್ತಿದ ಉತ್ತರಾನೂ ಸಬಲೀಕರಣದ ಲೆಕ್ಕಕ್ಕೆ ಜಮಾ.

ಈಗ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಂದಿದೆ. ಸಾಮಾಜಿಕ ಉದ್ಯಮ ಅಂದ್ರೆ ಯಾವುದು ಅಂತ ಸೆಬಿ 2022ರಲ್ಲಿ ನಿಯಮ ಮಾಡಿದೆ. ಚಟುವಟಿಕೆಯ ಕನಿಷ್ಠ ಶೇ. 67 ಭಾಗ ಹಿಂದುಳಿದ, ಅವಕಾಶವಂಚಿತ ಜನಕ್ಕಾಗಿ ಇರಬೇಕು. ಆದಾಯದಲ್ಲೋ, ಖರ್ಚಿನಲ್ಲೋ, ಫಲಾನುಭವಿಗಳ ಸಂಖ್ಯೆಯಲ್ಲೋ ತೋರಿಸಬೇಕು. ಒಳ್ಳೇದು. ಆದರೆ ಯಜಮಾನಿಕೆಯಲ್ಲಿ ಆ ಜನಕ್ಕೆ ಎಷ್ಟು ಪಾಲು ಇರಬೇಕು? ಬೋರ್ಡಿನಲ್ಲಿ ಎಷ್ಟು ಕುರ್ಚಿ? ಅದರ ಷರತ್ತೇ ಇಲ್ಲ. ನಮ್ಮ ಹೆಸರಲ್ಲಿ ಶೇ. 67 ಖರ್ಚು ತೋರಿಸಿ, ನಮ್ಮವರು ಒಬ್ಬರೂ ಇಲ್ಲದ ಬೋರ್ಡು ಇಟ್ಕೊಂಡು ಸಾಮಾಜಿಕ ಉದ್ಯಮ ಅಂತ ಕರ್ಕೋಬಹುದು.

ಕಾನೂನಿನಲ್ಲಿ ನಮಗೆ ದಾರಿ ಇಲ್ಲ ಅಂತಲ್ಲ. ಹತ್ತು ಜನ ಉತ್ಪಾದಕರು ಸೇರಿದ್ರೆ ಪ್ರೊಡ್ಯೂಸರ್ ಕಂಪನಿ ಮಾಡಬಹುದು. 1959ರ ಸಹಕಾರ ಸಂಘಗಳ ಕಾಯ್ದೆ ಇದೆ, 1997ರ ಸೌಹಾರ್ದ ಕಾಯ್ದೆ ಇದೆ. ಹನ್ನೆರಡು ಪಾಠದಲ್ಲಿ ಒಂದು ಪಾಠ ಇದಕ್ಕೆ ಇಟ್ಟಿದ್ರೆ ಅಕ್ಕ ಮುಂದಿನ ವರ್ಷ ಒಣಕಸದ ವ್ಯಾಪಾರ ತಾನೇ ಮಾಡ್ತೀನಿ ಅಂದುಬಿಡ್ತಾರೆ. ಆಗ ಫಲಾನುಭವಿ ಎಲ್ಲಿಂದ ತರ್ತಾರೆ?

ನಮ್ಮ ಕಡೆ ಬೆರಳು

ಬೇರೆಯವರನ್ನ ಬೈದಿದ್ದು ಸಾಕು. ನಮ್ಮ ಚಳವಳಿಯೂ ಇಲ್ಲಿ ತಪ್ಪು ಮಾಡಿದೆ. ಹಾಡು ಕಲಿಸಿದ್ವಿ, ಭಾಷಣ ಕಲಿಸಿದ್ವಿ, ಧರಣಿ ಕೂರೋದು ಕಲಿಸಿದ್ವಿ. ಲೆಕ್ಕ ಕಲಿಸಲಿಲ್ಲ. "ವ್ಯಾಪಾರ ಬಂಡವಾಳಶಾಹಿಗಳ ಕೆಲಸ" ಅಂತ ಮೂಗು ಮುರಿದ್ವಿ. ಬಾಬಾಸಾಹೇಬರ ಕೋಟು ನೋಡಿದ್ವಿ, ಕೈಯಲ್ಲಿದ್ದ ಪುಸ್ತಕ ನೋಡಿದ್ವಿ. ಆ ಪುಸ್ತಕಗಳಲ್ಲಿ ಕೆಲವು ಹಣಕಾಸಿನದ್ದು, ತೆರಿಗೆಯದ್ದು, ಕೃಷಿ ಹಿಡುವಳಿಯದ್ದು ಅನ್ನೋದನ್ನ ಮರೆತ್ವಿ. ನಾವು ಬಿಟ್ಟ ಜಾಗಕ್ಕೆ ಎನ್‌ಜಿಒ ಬಂತು, ಫೌಂಡೇಶನ್ ಬಂತು, ಆಪ್ ಬಂತು. ಖಾಲಿ ಜಾಗಕ್ಕೆ ಯಾರಾದ್ರೂ ಬಂದೇ ಬರ್ತಾರೆ.

ಅದರಲ್ಲೂ ನಾವು ಗಂಡಸರು. ವೇದಿಕೆ ಮೇಲೆ ನಾವಿರ್ತೀವಿ. ಸಂಘದ ಪಾಸ್‌ಬುಕ್ಕು, ಸಾಲದ ಕಂತು, ಒಕ್ಕೂಟದ ಮೀಟಿಂಗು, ಇದೆಲ್ಲ "ಹೆಂಗಸರ ವಿಷಯ" ಅಂತ ಬಿಟ್ಟಿದೀವಿ. ಇವತ್ತು ಹಳ್ಳಿಯಲ್ಲಿ ನಮ್ಮ ಜನರ ದುಡ್ಡು ಓಡಾಡ್ತಿರೋದು ಅಲ್ಲೇ. ಅದು ನಮ್ಮ ಚಳವಳಿಯ ವಿಷಯ ಆಗದೇ ಇದ್ದಿದ್ದು ನಮ್ಮ ನಾಚಿಕೆಗೇಡು.

ಏನು ಕೇಳ್ತಿದೀವಿ

1. ಕಲಿಯೋ ಹೊತ್ತು ಕೆಲಸದ ಹೊತ್ತು. ಕೋರ್ಸು ಕಡ್ಡಾಯ ಅಂದ್ರೆ ಅದು ಡ್ಯೂಟಿ. ಆ ಗಂಟೆಗಳಿಗೆ ಕೂಲಿ ಕೊಡಿ, ಡೇಟಾ ದುಡ್ಡು ಕೊಡಿ. ಕೋರ್ಸು ಮುಗಿಸಿಲ್ಲ ಅಂತ ಯಾರ ಗೌರವಧನವನ್ನೂ ಹಿಡೀಬೇಡಿ, ಗ್ರೂಪಿನಲ್ಲಿ ಹೆಸರು ಹಾಕಿ ಮಾನ ಕಳೀಬೇಡಿ.

2. ಮೊದಲ ಪಾಠ ಲೆಕ್ಕದ ಪುಸ್ತಕ. ತಾನು ಕೆಲಸ ಮಾಡೋ ಉದ್ಯಮದ ಜಮಾ ಖರ್ಚು, ಮಾರಾಟದ ರೇಟು, ಯಾರಿಗೆ ಎಷ್ಟು ಸಂಬಳ, ಒಡಂಬಡಿಕೆಯಲ್ಲಿ ಏನಿದೆ, ಇದನ್ನ ಓದೋಕೆ ಬಂದ್ರೆ ಮಾತ್ರ ತರಬೇತಿ ಮುಗೀತು ಅನ್ನಿ.

3. ಎರಡನೇ ಪಾಠ ಕಾನೂನು. ಕನಿಷ್ಠ ವೇತನ, ಮಾಹಿತಿ ಹಕ್ಕು, ಸಹಕಾರ ಕಾಯ್ದೆ, ಪ್ರೊಡ್ಯೂಸರ್ ಕಂಪನಿ, 1989ರ ದೌರ್ಜನ್ಯ ತಡೆ ಕಾಯ್ದೆ, 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ. ಜಾತಿ ಅನ್ನೋ ಪದ ಇಲ್ಲದ ಸಾಮಾಜಿಕ ಉದ್ಯಮದ ಪಠ್ಯ ನಮಗೆ ಬೇಡ.

4. ಕಾಗದಕ್ಕೆ ಬೆಲೆ ಇರಲಿ. ಮುಕ್ತ ವಿಶ್ವವಿದ್ಯಾನಿಲಯದ ಜೊತೆ ಸೇರಿ, ಕ್ರೆಡಿಟ್ ಬರೋ ಕೋರ್ಸು ಮಾಡಿ. ಎಸ್‌ಎಸ್‌ಎಲ್‌ಸಿ ಆಗದೋರನ್ನ ಮುಕ್ತ ಶಾಲೆ ಮೂಲಕ ಕೈಹಿಡಿದು ಮೇಲೆ ತನ್ನಿ. ಹದಿನೈದು ವರ್ಷದ ಅನುಭವವನ್ನ ಕಲಿಕೆ ಅಂತ ಲೆಕ್ಕಕ್ಕೆ ತಗೊಳ್ಳಿ. ಕೋರ್ಸು ಮುಗಿಸಿದೋರಿಗೆ ಕೂಲಿ ಎಷ್ಟು ಏರುತ್ತೆ ಅಂತ ಮೊದಲೇ ಬರೆದು ಕೊಡಿ.

5. ಕನ್ನಡ. ಮೆಷಿನ್ ಕನ್ನಡ ಅಲ್ಲ. ನಮ್ಮ ಅಕ್ಕಂದಿರು ಮಾತಾಡೋ ಕನ್ನಡದಲ್ಲಿ, ಕೇಳಿಸಿಕೊಳ್ಳೋ ಆಡಿಯೋ, ಕೈಯಲ್ಲಿ ಹಿಡಿಯೋ ಪುಸ್ತಕ, ತಿಂಗಳಿಗೆ ಎರಡು ದಿನ ಹೋಬಳಿ ಮಟ್ಟದಲ್ಲಿ ಮುಖಾಮುಖಿ ಕ್ಲಾಸು. ಹೇಳ್ಕೊಡೋರಲ್ಲಿ ಅದೇ ಕೆಲಸ ಮಾಡಿದ ಅಕ್ಕಂದಿರಿರಲಿ, ಅವರಿಗೂ ಬೇರೆ ಉಪನ್ಯಾಸಕರಿಗೆ ಕೊಡೋ ಸಂಭಾವನೇನೇ ಕೊಡಿ.

6. ಬೋರ್ಡಿನಲ್ಲಿ ಕುರ್ಚಿ. ಸಮುದಾಯದ ಹೆಸರಲ್ಲಿ ದುಡ್ಡು ತರೋ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಅರ್ಧ ಜನ ಆ ಸಮುದಾಯದವರಿರಬೇಕು. ತರಬೇತಿಯ ಗುರಿ ಆ ಕುರ್ಚಿ.

7. ಪರಿಶಿಷ್ಟ ಜಾತಿ ಉಪಯೋಜನೆಯ ದುಡ್ಡನ್ನ ವಿಡಿಯೋ ಮಾಡೋ ಏಜೆನ್ಸಿಗಳಿಗೆ ಸುರೀಬೇಡಿ. 2013ರ ಕಾಯ್ದೆಯ 7(ಡಿ)ಯನ್ನ 2023ರಲ್ಲಿ ತೆಗೆಸೋಕೆ ಎಷ್ಟು ವರ್ಷ ಬೀದಿಯಲ್ಲಿ ಕೂಗಿದೀವಿ ಅಂತ ನೆನಪಿದೆ. ಬೇರೆ ಬಾಗಿಲಿಂದ ಅದೇ ದುಡ್ಡು ಹೋಗೋಕೆ ಬಿಡಲ್ಲ.

"ಪುಕ್ಕಟೆ ಕೊಡ್ತಿದ್ರೂ ಇಷ್ಟು ಮಾತಾಡ್ತೀರಲ್ಲ" ಅನ್ನೋರಿಗೆ ಒಂದೇ ಮಾತು. ಪುಕ್ಕಟೆ ಅಲ್ಲ ಸ್ವಾಮಿ. ಅಕ್ಕ ನಿದ್ದೆ ಕೊಟ್ಟಿದಾರೆ, ರೀಚಾರ್ಜ್ ಕೊಟ್ಟಿದಾರೆ, ನಿಮ್ಮ ವಾರ್ಷಿಕ ವರದಿಗೆ ಮುಖ ಕೊಟ್ಟಿದಾರೆ. ಸಾಲ ನಿಮ್ಮ ಮೇಲಿದೆ. "ಎಲ್ಲದರಲ್ಲೂ ಜಾತಿ ತರ್ತೀರಿ" ಅನ್ನೋರಿಗೆ ಇನ್ನೊಂದು ಮಾತು. ನಾವು ತರಲಿಲ್ಲ. ಕಸದ ಗಾಡಿಯ ಸ್ಟೀರಿಂಗ್ ಮುಂದೆ ಅದು ಮೊದಲೇ ಕೂತಿತ್ತು, ನಾವು ಹೆಸರು ಹಿಡಿದು ಕರೆದ್ವಿ ಅಷ್ಟೇ.

ಭಾನುವಾರದಿಂದ

ಆ ರಾತ್ರಿ ಹೊರಡೋ ಹೊತ್ತಿಗೆ ಅಕ್ಕ ಬಾಗಿಲ ತನಕ ಬಂದು ಕೇಳಿದ್ರು, "ಆ ರೇಟಿನ ವಿಷಯ ಎಲ್ಲಿ ಬರೆದಿರ್ತಾರಣ್ಣ? ಅದನ್ನ ಓದೋದು ನಂಗೆ ಬರುತ್ತಾ?"

ಬರುತ್ತೆ ಅಕ್ಕ. ಏಳನೇ ಕ್ಲಾಸು ಓದಿದ, ಐದು ಸಂಘದ ಸಾಲದ ಕಂತು ಬಾಯಲ್ಲೇ ಹೇಳೋ ಹೆಂಗಸಿಗೆ ಜಮಾ ಖರ್ಚು ಬರದೇ ಇನ್ಯಾರಿಗೆ ಬರುತ್ತೆ?

ಪಂಚಾಯ್ತಿಗೂ ಒಕ್ಕೂಟಕ್ಕೂ ಆಗಿರೋ ಒಡಂಬಡಿಕೆ, ಒಣಕಸ ಮಾರಿದ ರಸೀದಿ, ಎರಡರ ನಕಲು ಕೇಳಿ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಬರೆದಿದೀವಿ. ಅಕ್ಕನ ಹೆಸರಲ್ಲಿ ಅಲ್ಲ, ನನ್ನ ಹೆಸರಲ್ಲಿ. ಕಾನೂನು ಪ್ರಕಾರ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಅಲ್ಲಿತನಕ ಸುಮ್ಮನಿರಲ್ಲ. ಈ ಭಾನುವಾರ ಮಧ್ಯಾಹ್ನ ಮೂರಕ್ಕೆ ಅವರ ಕೇರಿಯ ಅಂಬೇಡ್ಕರ್ ಭವನದಲ್ಲಿ ಕೂರ್ತೀವಿ. ಮೊದಲ ಪಾಠ ಒಕ್ಕೂಟದ ಬೈಲಾ. ನಮ್ಮ ಬ್ಯಾಂಕ್ ನೌಕರರ ಗೆಳೆಯ ಒಬ್ಬರು ಲೆಕ್ಕ ಹೇಳ್ಕೊಡೋಕೆ ಒಪ್ಪಿದಾರೆ. ಬರೋಕಾಗದೋರಿಗೆ ಹತ್ತು ನಿಮಿಷದ ಆಡಿಯೋ ಮಾಡಿ ವಾಟ್ಸಾಪಿಗೆ ಹಾಕ್ತೀವಿ. ಹೌದು, ಅದೂ ದೂರಶಿಕ್ಷಣಾನೇ. ಆದರೆ ಕೊನೇ ಪ್ರಶ್ನೆ ಕೇಳೋದು ಅಕ್ಕಂದಿರು, ಉತ್ತರ ಕೊಡಬೇಕಾಗಿರೋದು ಆಫೀಸಿನೋರು.

ನಿಮ್ಮ ತಾಲೂಕಿನಲ್ಲೂ ಇದನ್ನ ಮಾಡಿ. ಲೆಕ್ಕ ಗೊತ್ತಿರೋ ನಮ್ಮ ನೌಕರರು, ಕಾನೂನು ಗೊತ್ತಿರೋ ನಮ್ಮ ವಕೀಲರು ತಿಂಗಳಿಗೆ ಎರಡು ಭಾನುವಾರ ಕೊಡಿ. ಏಪ್ರಿಲ್ 14ಕ್ಕೆ ಹಾರ ಹಾಕೋದು ಇದ್ದೇ ಇದೆ, ಈ ಸಲ ಹಾರದ ಜೊತೆ ಒಂದು ಜಮಾ ಖರ್ಚಿನ ಪುಸ್ತಕವನ್ನೂ ತನ್ನಿ. ಸಮುದಾಯ ಕಾರ್ಯಕರ್ತೆಯರಾಗಿ ಇಂಥ ಕೋರ್ಸು ಮಾಡಿದೋರು ಅನುಭವ ಬರೀರಿ. ಕಾಮೆಂಟಿನಲ್ಲಿ ಬೇಡ, ಮೇಲಿನೋರು ನೋಡ್ತಾರೆ. ಇನ್‌ಬಾಕ್ಸಿಗೆ ಕಳಿಸಿ, ಹೆಸರಿಲ್ಲದೆ ಹಾಕ್ತೀನಿ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಗೋಡೆ ಮೇಲೆ ಬರೀತೀವಿ. ಸಂಘಟನೆಗೂ ಹೋರಾಟಕ್ಕೂ ಕರ್ಕೊಂಡು ಹೋಗದ ಶಿಕ್ಷಣ ಬರೀ ಹಾಜರಿ ಪುಸ್ತಕ. ಅಂಥ ಹಾಜರಿ ಪುಸ್ತಕದಲ್ಲಿ ನಮ್ಮಕ್ಕಂದಿರ ಹೆಸರು ತುಂಬಿದ್ದು ಸಾಕು.

ಜೈಭೀಮ್.